ಕಿಟಕಿಯಲ್ಲಿ ಹೇಳಬೇಕಾದ ಹೆಸರು

ಜನವರಿ 9

ಹಾಲು ಕರೆದೆ. ಕೆಂಪು ಹಸು ಇವತ್ತೂ ಕಡಿಮೆ ಕೊಟ್ಟಿತು. ಬಕೆಟ್ಟಿನ ನೀರು ಗಡ್ಡೆ ಕಟ್ಟಿತ್ತು, ಕೊಡಲಿಯ ಹಿಂಬದಿಯಿಂದ ಒಡೆದೆ. ಒಲೆಗೆ ಬೆರಣಿ ತುಂಬಿದೆ. ಮಾವನಿಗೆ, ಅತ್ತೆಗೆ ಬಾಗಿ ನಮಸ್ಕರಿಸಿ ಚಹಾ ಬಗ್ಗಿಸಿದೆ. ಬಾಗಿಲ ಪಕ್ಕ ಕುಳಿತು ನಾನೂ ಕುಡಿದೆ.

ಗುಬ್ಬಿಗೆ ಮತ್ತೆ ಜ್ವರ. ಸಂಜೆ ಏರುತ್ತದೆ, ಬೆಳಗಾಗುವಷ್ಟರಲ್ಲಿ ಬೆವರಿ ಇಳಿಯುತ್ತದೆ. ಅಂಗಿ ಹಿಂಡಿದರೆ ನೀರು ಬರುವಷ್ಟು ಒದ್ದೆ. ಹೊಸ ವರ್ಷಕ್ಕೂ ಮುಂಚಿನಿಂದ ಹೀಗೇ. ಮೊದಲು ತಾನೇ ಕೂರುತ್ತಿದ್ದ. ಈಗ ಕೂರಿಸಿದರೆ ಕಿರುಚುತ್ತಾನೆ. ಸೊಂಟ ನೋಯುತ್ತದೋ ಏನೋ... ಹೇಳಲು ಬರುವುದಿಲ್ಲವಲ್ಲ.

ಮಗನನ್ನು ಗುಬ್ಬಿ ಎಂದು ಕರೆಯುವವಳು ನಾನೊಬ್ಬಳೇ. ಹೆಸರು ಬೇರೆ ಇದೆ. ಹುಟ್ಟಿದ ದಿನವೇ ಮಾವ ತಮ್ಮ ತಂದೆಯ ಹೆಸರನ್ನು ಕಿವಿಯಲ್ಲಿ ಕೂಗಿಸಿದರು. ಎಲ್ಲರೂ ಸಂತೋಷಪಟ್ಟರು. ಗಂಡನ ಮನೆಯ ಹಿರಿಯರ ಹೆಸರು ಸೊಸೆಯ ಬಾಯಿಗೆ ಬರಬಾರದು, ಸತ್ತವರದ್ದಾದರೂ ಬರಬಾರದು. ಅದು ಆಗ ಯಾರಿಗೂ ನೆನಪಾಗಲಿಲ್ಲ. ನೆನಪಾಗಿದ್ದರೂ ಏನು. ಮಾವನ ಹೆಸರಿನಲ್ಲಿ ಕಲ್ಲು ಇದೆ ಎಂದು ನಾನು ಕಲ್ಲನ್ನೂ ‘ಗಟ್ಟಿಯದು’ ಎನ್ನುವವಳು. ಈಗ ಮಗನ ಹೆಸರೂ ನನಗಿಲ್ಲ.

ಅತ್ತೆಗೂ ಇಲ್ಲ. ಅವರಿಗೆ ಅದು ಸ್ವಂತ ಮಾವನ ಹೆಸರು. ಅವರು ಮಗುವನ್ನು ‘ಹಿರೀಕ’ ಎಂದು ಕರೆಯುತ್ತಾರೆ.

ಇಲ್ಲಿ ಬರೆದರೆ ಯಾರು ಕೇಳುತ್ತಾರೆ? ಆದರೂ ಕೈ ಏಳುವುದಿಲ್ಲ. ಗೆರೆ ಎಳೆಯುತ್ತೇನೆ. ನನ್ನ ಮಗ ———.

ಜನವರಿ 11

ಜಿಪಾರ್ ಅಕ್ಕನ ಹತ್ತಿರ ಕರೆದುಕೊಂಡು ಹೋದೆವು. ಊರಿನ ಆರೋಗ್ಯ ಕೇಂದ್ರಕ್ಕೆ ಅವಳೊಬ್ಬಳೇ ನರ್ಸು.

“ಏನಾಗಿದೆ?” ಎಂದು ನನ್ನನ್ನು ಕೇಳಿದಳು. ಅತ್ತೆ ಉತ್ತರ ಕೊಟ್ಟರು: “ಹಲ್ಲು ಬರ್ತಿದೆ, ಅಷ್ಟೇ.”

“ಹಲ್ಲು ಸೊಂಟದಲ್ಲಿ ಬರುತ್ತಾ ಅಜ್ಜೀ? ಮುಟ್ಟಿದ್ರೆ ಹೆಂಗೆ ಚೀರ್ತಾನೆ ನೋಡಿ. ಹಸಿ ಹಾಲು ಕುಡಿಸಿದ್ದೀರಾ?”

“ನಾವೆಲ್ಲ ಕುಡಿದೇ ಬೆಳೆದಿದ್ದು.”

“ಕೊಟ್ಟಿಗೇಲಿ ಯಾವ ಹಸುವಾದ್ರೂ ಕಂದು ಹಾಕ್ತಾ?”

“ನಮ್ಮ ಹಸು ಚೆನ್ನಾಗಿವೆ.”

ನಾನು ನೆಲ ನೋಡಿದೆ. ಕೆಂಪು ಹಸು ಹಿಮ ಬೀಳುವ ಮೊದಲೇ ಕಂದು ಹಾಕಿತ್ತು. ದಿನ ತುಂಬದೆ ಸತ್ತು ಬಿದ್ದ ಕರುವನ್ನು ಹಿತ್ತಲಾಚೆ ಎಳೆದವಳು ನಾನೇ. ಜಿಪಾರ್ ಅಕ್ಕ ನನ್ನ ತಲೆವಸ್ತ್ರವನ್ನೇ ಸ್ವಲ್ಪ ಹೊತ್ತು ನೋಡಿದಳು. ಕಂದು ರೋಗ ದನದಿಂದ ಮನುಷ್ಯರಿಗೂ ಬರುತ್ತದೆಯಂತೆ. ಜಿಲ್ಲಾ ಲ್ಯಾಬಿನಲ್ಲಿ ರಕ್ತ ನೋಡಿಸಿದರೆ ಗೊತ್ತಾಗುತ್ತದೆಯಂತೆ. ನಾಳೆ ಬೆಳಿಗ್ಗೆ ತೆಗೆಯುತ್ತಾಳೆ.

ಜನವರಿ 12, ಸಂಜೆ

ತೋಳಿನಲ್ಲಿ ನರ ಸಿಗಲಿಲ್ಲ. ಚುಚ್ಚಿದಳು, ತೆಗೆದಳು, ಮತ್ತೆ ಚುಚ್ಚಿದಳು. ಕೊನೆಗೆ ತಲೆಯಿಂದ ತೆಗೆದಳು. ಹಿಡಿದುಕೊಂಡವಳು ನಾನು. ಅತ್ತೆ ಹೊರಗೆ ಹೋದರು.

ಜಿಪಾರ್ ಅಕ್ಕ ಹೇಳಿಕೊಟ್ಟಳು — ಟ್ಯೂಬನ್ನು ಕೋಟಿನ ಒಳಜೇಬಿನಲ್ಲಿ ಇಟ್ಟುಕೊಳ್ಳಬೇಕು. ನೆಟ್ಟಗೆ. ಅಲುಗಾಡಿಸಬಾರದು. ಬಿಸಿ ತಾಗಬಾರದು, ಹೆಪ್ಪುಗಟ್ಟುವ ಚಳಿಯೂ ತಾಗಬಾರದು. ಮಧ್ಯಾಹ್ನದೊಳಗೆ ಕಿಟಕಿಗೆ ಕೊಡಬೇಕು. ಚೀಟಿಯಲ್ಲಿ ಏನಿದೆಯೋ ಟ್ಯೂಬಿನ ಮೇಲೂ ಅದೇ ಇರಬೇಕು. ಅಷ್ಟರಲ್ಲಿ ಯಾರಿಗೋ ಹೆರಿಗೆ ನೋವು ಎಂದು ಕರೆ ಬಂತು. “ಚೀಟಿ ಬರೆದಿದ್ದೀನಿ ಕನಿಶಾಯ್, ಟ್ಯೂಬಿನ ಮೇಲೆ ಹೆಸರು ನೀನೇ ಬರಿ” ಎಂದು ಅಂಟುಪಟ್ಟಿ, ಪೆನ್ನು ಕೈಗಿಟ್ಟು ಓಡಿದಳು.

ಪೆನ್ನು ಹಿಡಿದು ಕುಳಿತೆ. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ‘ಗುಬ್ಬಿ’ ಎಂದು ಬರೆದೆ.

ಮಗುವನ್ನು ಪಕ್ಕದ ಮನೆಯ ಸಗಿನ್ ಚಿಕ್ಕಮ್ಮನ ಹತ್ತಿರ ಬಿಟ್ಟು ವ್ಯಾನ್ ಹತ್ತಿದೆವು. ಕಣಿವೆ ದಾಟುವಾಗ ಎಲ್ಲರೂ ಮುಖ ತೊಳೆದಂತೆ ಕೈ ಆಡಿಸಿ ಬೇಡಿಕೊಂಡರು. ನಾನೂ ಬೇಡಿಕೊಂಡೆ. ಒಂದು ಕೈ ಎದೆಯ ಮೇಲೇ ಇತ್ತು, ಟ್ಯೂಬಿನ ಮೇಲೆ.

ಲ್ಯಾಬಿನ ಕಿಟಕಿ ಸಣ್ಣದು. ಬಗ್ಗಿ ಮಾತಾಡಬೇಕು. ಒಳಗೆ ಬಿಳಿ ಟೊಪ್ಪಿಯ ಹೆಂಗಸು.

“ಹೆಸರು?”

ಚೀಟಿಯ ಮೇಲೆ ಬೆರಳಿಟ್ಟು ತೋರಿಸಿದೆ.

“ಓದೋಕೆ ನಂಗೂ ಬರುತ್ತೆ. ಟ್ಯೂಬಿನ ಮೇಲೆ ಗುಬ್ಬಿ ಅಂತಿದೆ. ಇಲ್ಲಿ ಮನುಷ್ಯರ ರಕ್ತ ನೋಡ್ತೀವಮ್ಮ, ಹಕ್ಕಿದಲ್ಲ.”

ಸಾಲು ನಕ್ಕಿತು.

“ನೀನು ಮಗುವಿಗೆ ಏನಾಗ್ಬೇಕು?”

“ತಾಯಿ.”

“ಹಂಗಾದ್ರೆ ಹೇಳು. ಬಾಯಲ್ಲಿ ಹೇಳಿ, ಇಲ್ಲೇ ತಿದ್ದಿ, ಸಹಿ ಹಾಕು. ತಗೋತೀನಿ. ಇಲ್ಲಾಂದ್ರೆ ಇವೆರಡು ಬೇರೆ ಬೇರೆ ಮಕ್ಕಳು ಅಂತ ಲೆಕ್ಕ.”

ಬಾಯಿ ತೆರೆದೆ. ಅತ್ತೆಯ ಕೈ ನನ್ನ ಬೆನ್ನಿಗೆ ತಾಗಿತು. ತಳ್ಳಲಿಲ್ಲ, ಚಿವುಟಲಿಲ್ಲ. ಸುಮ್ಮನೆ ತಾಗಿತು.

“ಅಜ್ಜೀ, ನೀವಾದ್ರೂ ಹೇಳಿ.”

ಅತ್ತೆ ಗೋಡೆ ನೋಡಿದರು.

“ಓ, ಸೊಸೆ ಸಂಪ್ರದಾಯನಾ?” ಆಕೆಗೆ ಅರ್ಥವಾಯಿತು. “ನಾನೂ ಸೊಸೇನೇ ಕಣಮ್ಮ. ಮನೇಲಿ ನಾನೂ ಬಾಯಿ ಮುಚ್ಕೊಂಡೇ ಇರ್ತೀನಿ. ಅದನ್ನ ಬಾಗಿಲಾಚೆ ಬಿಟ್ ಬಾ. ಇಲ್ಲಿ ಹೆಸರಿಲ್ಲದ ರಕ್ತ ಚರಂಡಿಗೆ.”

ಹಿಂದಿದ್ದ ಗಂಡಸೊಬ್ಬ ಕೂಗಿದ: “ಇಬ್ರೂ ಮೂಗಿಯರು! ಬೇಗ ಬಿಡ್ರಮ್ಮಾ, ನನ್ನ ಮೂತ್ರ ತಣ್ಣಗಾಗ್ತಿದೆ!”

ಆಕೆ ಟ್ಯೂಬನ್ನು ತಿರುಗಿ ಕೊಡಲೂ ಇಲ್ಲ. ಹಿಂದಿದ್ದ ಕೆಂಪು ಬಕೆಟ್ಟಿಗೆ ಹಾಕಿದಳು. ಸದ್ದು ಕೇಳಿಸಿತು. ತಲೆಯಿಂದ ತೆಗೆದ ರಕ್ತ.

ವ್ಯಾನಿನಲ್ಲಿ ಬರುವಾಗ ಹಾಲು ಕಟ್ಟಿ ಎದೆ ಬಿರಿಯುತ್ತಿತ್ತು. ಅಂಗಿ ಒದ್ದೆ. ಕಣಿವೆ ಇಳಿಯುವಾಗ ಅತ್ತೆ ನನ್ನ ಮೊಣಕಾಲು ತಟ್ಟಿದರು. “ಒಳ್ಳೇ ಸೊಸೆ ನೀನು. ಬಾಯಿ ಬಿಡಲಿಲ್ಲ.”

ಈ ಮನೆಗೆ ಬಂದ ಮೇಲೆ ಅವರು ನನ್ನನ್ನು ಹೊಗಳಿದ್ದು ಇದೇ ಮೊದಲು. ಸಂತೋಷವಾಯಿತು. ಆಯಿತು, ಇಲ್ಲವೆಂದು ಹೇಗೆ ಬರೆಯಲಿ.

ಜನವರಿ 15

ಜ್ವರ. ಬೆವರು. ಜ್ವರ.

ಅತ್ತೆ ಕುರಿಯ ಬಾಲದ ಕೊಬ್ಬನ್ನು ಕಾಯಿಸಿ ಬೆನ್ನಿಗೆ ಹಚ್ಚಿದರು. ಒಲೆಯ ಹೊಗೆ ಹಿಡಿದರು. “ಹಿರೀಕಾ, ನನ್ನ ಒಡೆಯಾ, ಎದ್ದೇಳಪ್ಪಾ” ಎಂದು ಅತ್ತರು. ಅವರಿಗೆ ಪ್ರೀತಿ ಇಲ್ಲವೆಂದಲ್ಲ. ಇದೆ. ಅದೇ ಕಷ್ಟ.

ಜನವರಿ 20

ಇವತ್ತು ಎರಡನೇ ಸಲ. ಜಿಪಾರ್ ಅಕ್ಕ ಬೈದಳು. “ಮಗುವಿನ ಮೈಯೇನು ಬಾವಿನಾ, ಬೇಕಾದಾಗ ಸೇದೋಕೆ?” ತಾನೇ ಟ್ಯೂಬಿನ ಮೇಲೆ ಬರೆದಳು. ಚೆಂದದ ದುಂಡು ಅಕ್ಷರ. ಹೆಸರು, ತಂದೆಯ ಹೆಸರು, ಹುಟ್ಟಿದ ದಿನ, ರಕ್ತ ತೆಗೆದ ಹೊತ್ತು. “ಒಳಜೇಬು, ತಿಳೀತಾ?” ಎಂದಳು.

ತಿಳಿಯಿತು. ವ್ಯಾನ್ ಹತ್ತುವಾಗ ಅತ್ತೆ ತಡೆದರು.

“ರಕ್ತ ಮೈಗೆ ತಾಗಿಸ್ಕೊಂಡು ಕೂತ್ರೆ ಮನೆಗೆ ಆಗಲ್ಲ. ಅದ್ರ ಮೇಲೆ ಆ ಹೆಸರು ಬೇರೆ ಇದೆ. ಎದೆಗೆ ಒತ್ಕೊಂಡು ಕೂರ್ತೀಯಾ, ನಾಚ್ಕೆ ಇಲ್ವಾ? ಹಿಂದೆ ಸಾಮಾನಿನ ಜೊತೆ ಇಡು.”

“ಅತ್ತೆ, ಜಿಪಾರ್ ಅಕ್ಕ ಹೇಳಿದ್ರು—”

“ಜಿಪಾರ್ ನಿಮ್ಮತ್ತೆನಾ?”

ಹಿಂದೆ ಇಟ್ಟೆ. ಆಲೂಗೆಡ್ಡೆ ಚೀಲದ ಸಂದಿಯಲ್ಲಿ. ಹಿಂದಿನ ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ, ಹಗ್ಗ ಕಟ್ಟಿರುತ್ತಾರೆ. ಹೊರಗೆ ಉಗುಳಿದರೆ ಉಗುಳು ಹೆಪ್ಪುಗಟ್ಟಿ ಸದ್ದು ಮಾಡುವಷ್ಟು ಚಳಿ.

ಹೆಸರು ಹೇಳಲು ಅತ್ತೆ ಈ ಸಲ ಉಪಾಯ ಮಾಡಿದ್ದರು. ಡ್ರೈವರನಿಗೆ ಸಿಗರೇಟು ಪೊಟ್ಟಣ ಕೊಟ್ಟು ಕಿಟಕಿಗೆ ಕರೆತಂದರು. ಅವನು ಬಗ್ಗಿ, ಚೀಟಿ ನೋಡಿ, ಶಾಲೆಯ ಹುಡುಗನ ಹಾಗೆ ಗಟ್ಟಿಯಾಗಿ ಓದಿದ. ನನ್ನ ಮಗನ ಹೆಸರು ಅವನ ಬಾಯಲ್ಲಿ ಎಷ್ಟು ಸಲೀಸು!

“ಹೆಸರು ಸರಿಯಿದೆ” ಎಂದಳು ಆಕೆ. ಟ್ಯೂಬನ್ನು ದೀಪಕ್ಕೆ ಹಿಡಿದು ಓರೆ ಮಾಡಿದಳು. “ರಕ್ತ ಸತ್ತಿದೆ.”

ಡ್ರೈವರ್ ನಕ್ಕ. “ರಕ್ತ ಸಾಯುತ್ತಾ ಅಕ್ಕಾ?”

“ಮಂಜುಗಡ್ಡೆಯಾಗಿ ಕರಗಿದ್ರೆ ಸಾಯುತ್ತೆ. ನೋಡು, ಮೇಲೆ ತಿಳಿ ನಿಲ್ಬೇಕು. ಇದು ಪೂರ್ತಿ ಕೆಂಪು ನೀರು. ಎಲ್ಲಿಟ್ಟಿದ್ದೆ, ಛಾವಣಿ ಮೇಲಾ?” ಕೇಳಿದ್ದು ನನ್ನನ್ನು. ಅತ್ತೆ ಅಲ್ಲೇ ಇದ್ದರು. “ಓದಿದ್ದೀಯಾ?”

“ನಾಲ್ಕನೇ ಕ್ಲಾಸು.”

“ಅದಕ್ಕೇ” ಎಂದಳು.

ಅದಕ್ಕಲ್ಲ. ಆದರೆ ಅದಕ್ಕೇ ಎಂದು ಇರಲಿ. ಕೆಂಪು ಬಕೆಟ್ಟು.

ಜನವರಿ 23

ಕುರಿ ಕಾಯುವ ಚಳಿಗಾಲದ ಹಟ್ಟಿಯಿಂದ ನನ್ನ ಗಂಡ ಬಂದರು. ಮೀಸೆಯಲ್ಲಿ ಮಂಜು. ಮಗನನ್ನು ಎತ್ತಿಕೊಂಡು, “ಎಷ್ಟು ಹಗುರ ಆಗಿದ್ದಾನೆ” ಎಂದು ಬೆಚ್ಚಿದರು. ಹೆಸರು ಹಿಡಿದು ಕರೆದರು. ಅವನು ಕಣ್ಣು ಹೊರಳಿಸಿ ನೋಡಿದ. ಆ ಹೆಸರು ತನ್ನದೆಂದು ಅವನಿಗೆ ಗೊತ್ತಿದೆ.

ಹಾಸಿಗೆ ಹಾಸುವಾಗ ಹೇಳಿದೆ: ನೀವು ಒಂದು ದಿನ ಜೊತೆಗೆ ಬನ್ನಿ. ಕಿಟಕಿಯಲ್ಲಿ ನೀವು ಹೇಳಿ. ಟ್ಯೂಬು ನಿಮ್ಮ ಜೇಬಲ್ಲಿರಲಿ.

“ಕುರಿ ಯಾರು ನೋಡ್ತಾರೆ? ತೋಳ ಬರೋ ಕಾಲ. ಅಮ್ಮ ಹೇಳಿದ ಹಾಗೆ ಮಾಡು.”

“ಅಮ್ಮ ಹೇಳಿದ ಹಾಗೇ ಮಾಡಿದೆ.”

ಅವರು ನನ್ನ ಮುಖ ನೋಡಿದರು, ನಾನು ಏನೋ ಎತ್ತಿ ಎಸೆದ ಹಾಗೆ. ಬೆಳಿಗ್ಗೆ ಕುದುರೆ ಹತ್ತಿ ಹೋದರು.

ಜನವರಿ 29

ಜಿಲ್ಲಾ ಆಸ್ಪತ್ರೆ. ವಾರ್ಡು.

ನಿನ್ನೆ ಮೊಲೆ ಹಿಡಿಯಲಿಲ್ಲ. ಕುತ್ತಿಗೆ ಒಂದು ಕಡೆ ಜೋಲಿತು. ಜಿಪಾರ್ ಅಕ್ಕ ಬಂದು ನೋಡಿ, ಯಾರನ್ನೂ ಕೇಳದೆ ವ್ಯಾನು ತರಿಸಿದಳು. ಮಾವ ಪಕ್ಕದ ಊರಿಗೆ, ಸತ್ತವರೊಬ್ಬರ ವರ್ಷದ ಊಟಕ್ಕೆ ಹೋಗಿದ್ದಾರೆ. ಅತ್ತೆ ನನ್ನ ಜೊತೆ ಬಂದರು.

ಡಾಕ್ಟರ್ ಚಿಕ್ಕ ವಯಸ್ಸಿನವರು, ರಾಜಧಾನಿ ಬಿಶ್ಕೆಕ್‌ನಿಂದ ಬಂದವರು. ನಿದ್ದೆಯಿಲ್ಲದ ಕಣ್ಣು. “ಕಂದು ರೋಗವೇ ಅಂತ ನಂಗೆ ಅನುಮಾನ. ಆದ್ರೆ ಅದರ ಔಷಧಿ ಇಷ್ಟು ಸಣ್ಣ ಮಗುವಿಗೆ ಅಂದಾಜಿನ ಮೇಲೆ ಕೊಡೋ ಹಾಗಿಲ್ಲ. ಕಿವಿ ಹೋಗಬಹುದು, ಮೂತ್ರಪಿಂಡ ಹೋಗಬಹುದು. ಲ್ಯಾಬ್ ಹೂಂ ಅನ್ನಬೇಕು. ಒಂದೇ ಒಂದು ಸಲ ರಕ್ತ ತೆಗಿಸ್ತೀನಿ. ಇವನ ಮೈಲಿ ಇನ್ನು ಉಳಿದಿಲ್ಲಮ್ಮ.”

ಪಕ್ಕದ ತೊಟ್ಟಿಲಲ್ಲಿ ಇನ್ನೊಂದು ಗಂಡು ಮಗು, ಆದಿಲ್. ದಪ್ಪಗಿದೆ. ಕೆಮ್ಮು ಅಷ್ಟೇ. ಅದರ ತಾಯಿ ನನಗೆ ರೊಟ್ಟಿ ಕೊಟ್ಟಳು. ಅವಳು ಮಗುವನ್ನು ಹೆಸರು ಹಿಡಿದು ಕರೆಯುತ್ತಾಳೆ. ಆದಿಲ್, ಆದಿಲ್, ಆದಿಲ್. ಸುಮ್ಮನೆ, ಕೆಲಸವಿಲ್ಲದಿದ್ದರೂ.

ಜನವರಿ 30

ಬರೆಯಬೇಕು.

ಬೆಳಿಗ್ಗೆ ವಾರ್ಡಿನ ನರ್ಸು ಇಬ್ಬರು ಮಕ್ಕಳದ್ದೂ ರಕ್ತ ತೆಗೆದಳು. ಆದಿಲನದು ಟ್ಯೂಬ್ ತುಂಬ ಬಂತು. ನನ್ನವನದು ತಳದಲ್ಲಿ ಒಂದು ಬೆರಳಿನಷ್ಟು. ಹಿಂಡಿದರೂ ಬರಲಿಲ್ಲ. ಅವನು ಅಳಲೂ ಇಲ್ಲ. ನರ್ಸು ಮೇಜಿನ ಹತ್ತಿರ ಹೋಗಿ, ಯಾರ ಜೊತೆಯೋ ಮಾತಾಡುತ್ತಾ ಚೀಟಿ ಅಂಟಿಸಿ, ಎರಡನ್ನೂ ನನ್ನ ಕೈಗೆ ಕೊಟ್ಟಳು. “ಅಂಗಳ ದಾಟಿದ್ರೆ ಲ್ಯಾಬು. ಕೊಟ್ಟು ಬಾ.”

ಎರಡನ್ನೂ ಒಳಜೇಬಿನಲ್ಲಿ ಇಟ್ಟುಕೊಂಡೆ. ಅತ್ತೆಯನ್ನು ಕೇಳಲಿಲ್ಲ. ಅವರು ಹಿಂದೆಯೇ ಬಂದರು.

ಸಾಲಿನಲ್ಲಿ ಸಗಿನ್ ಚಿಕ್ಕಮ್ಮ ಇದ್ದಳು, ಸಕ್ಕರೆ ಕಾಯಿಲೆ ನೋಡಿಸಲು ಬಂದವಳು. “ಅಯ್ಯೋ, ಬದುಕಿದ್ದಾನಾ?” ಎಂದಳು. ನಮ್ಮೂರಿನ ಇನ್ನೂ ಇಬ್ಬರು ಹೆಂಗಸರು. ನಮಸ್ಕಾರವಾಯಿತು. ಸಾಲಿನಲ್ಲಿ ನಿಂತು ಟ್ಯೂಬು ತೆಗೆದು ನೋಡಿದೆ. ನಾನು ನಿಧಾನವಾಗಿ ಓದುವವಳು. ಒಂದೊಂದೇ ಅಕ್ಷರ. ತುಂಬಿದ ಟ್ಯೂಬಿನ ಮೇಲೆ ನನ್ನ ಮಗನ ಹೆಸರು. ಬೆರಳಿನಷ್ಟು ಇದ್ದ ಟ್ಯೂಬಿನ ಮೇಲೆ ಆದಿಲ್.

ಮತ್ತೊಮ್ಮೆ ಓದಿದೆ. ಅದೇ.

ಅಷ್ಟರಲ್ಲಿ ಕಿಟಕಿಯಿಂದ ಕೈ ಬಂದು ಚೀಟಿಗಳನ್ನೂ ಟ್ಯೂಬುಗಳನ್ನೂ ಒಳಗೆ ಎಳೆದುಕೊಂಡಿತು. ಅದೇ ಹೆಂಗಸು.

“ಅದಲುಬದಲಾಗಿದೆ” ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

“ಏನು?”

“ಹೆಸರು... ಅದಲುಬದಲು. ಕಡಿಮೆ ಇರೋದು ನಮ್ಮದು.”

“ನಮ್ಮದು ಅಂದ್ರೆ ಯಾರದ್ದು? ಇಲ್ಲಿ ಬರೋರೆಲ್ಲ ನಮ್ಮದು ನಮ್ಮದು ಅಂತಾರೆ. ಹೆಸರು ಹೇಳು.” ನನ್ನ ಮುಖ ನೋಡಿದಳು. “ಓ, ನೀನಾ! ಗುಬ್ಬಿ! ಹೋದ್ಸಲದ ಹಾಗೆ ಡ್ರೈವರ್ ಕೈಲಿ ಹೇಳಿಸೋದು ಬೇಡ. ಯಾವ ರಕ್ತ ಯಾರದ್ದು ಅಂತ ಅವನಿಗೇನು ಗೊತ್ತು? ಕಂಡವಳು ನೀನು. ನೀನೇ ಹೇಳ್ಬೇಕು.”

ಅತ್ತೆಯ ಕೈ ಬೆನ್ನಿಗೆ ತಾಗಿತು.

“ಫೋನ್ ಮಾಡಿಸೋಣ, ನಿಮ್ ಮಾವ ಬರ್ಲಿ” ಎಂದರು ಕಿವಿಯಲ್ಲಿ. “ನಾಳೆ ಕೊಟ್ರಾಯ್ತು.”

“ನಾಳೆಗೆ ರಕ್ತ ಎಲ್ಲಿದೆ ಅತ್ತೆ?”

“ಅಷ್ಟು ಜನ ಇದ್ದಾರೆ ಕಣೇ. ನಮ್ಮೂರಿನೋರು. ನಲವತ್ತು ವರ್ಷ ನಾನು ಆ ಹೆಸರು ಬಾಯಿಗೆ ತಂದಿಲ್ಲ. ನಮ್ಮಾವ ಉಸಿರು ಬಿಡುವಾಗ ನೀರು ನೀರು ಅಂತಿದ್ರು. ಪಕ್ಕದಲ್ಲಿ ನಾನೊಬ್ಬಳೇ. ನೀರು ತರೋಷ್ಟ್ರಲ್ಲಿ ಕಣ್ಣು ಮುಚ್ಚಿದ್ರು, ಆಗ್ಲೂ ಹೆಸರು ಕೂಗಿ ಎಬ್ಬಿಸಲಿಲ್ಲ ನಾನು. ಗೊತ್ತಾ?”

ಗೊತ್ತಿರಲಿಲ್ಲ. ಈಗ ಗೊತ್ತಾಯಿತು.

ಕಿಟಕಿಯಾಕೆ ಪೆನ್ನಿನಿಂದ ಗಾಜು ಕುಟ್ಟಿದಳು. “ಬಕೆಟ್ಟಿಗೆ ಹಾಕ್ಲಾ?”

ಹೇಳಿದೆ.

ಇಸಾಕುನ್.

ಮೊದಲ ಸಲ ಗಾಜು ದಾಟಲಿಲ್ಲ. ಎರಡನೇ ಸಲ ಕೂಗಿದೆ. “ಇಸಾಕುನ್! ಕಡಿಮೆ ರಕ್ತ ಇರೋದು ಇಸಾಕುನ್‌ದು! ನನ್ನ ಮಗಂದು!” ಎದೆಯ ಮೇಲಿದ್ದ ಗಟ್ಟಿಯದು — ಕಲ್ಲು, ಕಲ್ಲು ಎಂದೇ ಬರೆಯುತ್ತೇನೆ — ಉರುಳಿ ಹೋಯಿತು.

ಸಗಿನ್ ಚಿಕ್ಕಮ್ಮ ತಲೆವಸ್ತ್ರದ ತುದಿಯಿಂದ ಬಾಯಿ ಮುಚ್ಚಿಕೊಂಡಳು. ಬೆನ್ನ ಮೇಲಿನ ಕೈ ಹೋಯಿತು.

ಕಿಟಕಿಯಾಕೆ ಫೋನ್ ಮಾಡಿ ವಾರ್ಡಿನ ನರ್ಸನ್ನು ಕರೆಸಿದಳು. ಎಲ್ಲರೆದುರೇ ಉಗಿದಳು. ನರ್ಸು ಟ್ಯೂಬುಗಳನ್ನು ನೋಡಿ, ಹೌದು ಎಂದು ಒಪ್ಪಿ, ತಿದ್ದಿ ಸಹಿ ಹಾಕಿದಳು. ನಾನೂ ಹಾಕಿದೆ.

ಇಸಾಕುನ್ ಇಸಾಕುನ್ ಇಸಾಕುನ್. ಬರೆದರೆ ಹೀಗಿರುತ್ತದೆ.

ಫೆಬ್ರುವರಿ 2

ಲ್ಯಾಬ್ ಹೂಂ ಎಂದಿತು. ಕಂದು ರೋಗವೇ. ಆದಿಲನ ರಕ್ತ ಶುದ್ಧ. ಅದಲುಬದಲಾಗಿದ್ದರೆ ಔಷಧಿ ಅವನಿಗೆ ಹೋಗುತ್ತಿತ್ತು, ನನ್ನವನಿಗೆ ಏನೂ ಇಲ್ಲವೆಂದು ಮನೆಗೆ ಕಳಿಸುತ್ತಿದ್ದರು ಎಂದರು ಡಾಕ್ಟರ್.

ಸೂಜಿ ಶುರುವಾಯಿತು. ಅತ್ತೆ ನಿನ್ನೆಯೇ ಊರಿಗೆ ಹೋದರು.

ಫೆಬ್ರುವರಿ 10

ಜ್ವರವಿಲ್ಲ. ಇಸಾಕುನ್ ಮೊಲೆ ಕಚ್ಚಿದ. ಎಷ್ಟು ಜೋರಾಗಿ ಕಚ್ಚಿದ! ಆದಿಲನ ತಾಯಿ ಊರಿಗೆ ಹೊರಡುವ ಮುಂಚೆ ಅವನ ಕೆನ್ನೆ ಹಿಂಡಿ, “ಹೆಸರು ಚೆನ್ನಾಗಿದೆ, ಯಾರಿಟ್ಟಿದ್ದು?” ಎಂದಳು.

ದಿನವೆಲ್ಲ ಕರೆದೆ. ಸುಮ್ಮನೆ, ಕೆಲಸವಿಲ್ಲದಿದ್ದರೂ.

ಫೆಬ್ರುವರಿ 19

ಮನೆ.

ಬಾಗಿಲಲ್ಲಿ ಅತ್ತೆ ಮಗುವನ್ನು ಇಸಿದುಕೊಂಡರು. ಕುರಿ ಕೊಯ್ದಿದ್ದರು. ಮಾವ, ದೊಡ್ಡ ಮಾವ, ಊರಿನ ಹಿರಿಯರು ಒಳಗೆ ಕುಳಿತಿದ್ದರು. ನನ್ನ ಗಂಡನೂ ಇದ್ದರು, ಬಾಗಿಲ ಕಡೆ. ನಾನು ಚಹಾ ಬಗ್ಗಿಸಿದೆ. ಯಾರೂ ನನ್ನ ಕೈಯಿಂದ ಬಟ್ಟಲು ತೆಗೆದುಕೊಳ್ಳಲಿಲ್ಲ. ಅತ್ತೆ ತೆಗೆದು ಹಂಚಿದರು.

ಮಾವ ಸಿಟ್ಟಾಗಿ ಮಾತಾಡಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. “ಸಾಲಲ್ಲಿ ನಿಂತು, ಮೂತ್ರದ ಬಾಟಲಿ ಹಿಡ್ಕೊಂಡೋರ ಮಧ್ಯೆ, ನಮ್ಮಪ್ಪನ ಹೆಸರು ಕೂಗಿದ್ಯಂತೆ.”

“ಮಗು ಹೋಗ್ತಿತ್ತು ಮಾವ.”

“ಮಗು ಉಳಿದಿದ್ದು ದೇವರಿಂದ” ಎಂದರು ಅತ್ತೆ. “ನಿನ್ನ ಬಾಯಿಂದಲ್ಲ.”

ದೊಡ್ಡ ಮಾವ ಗಡ್ಡ ನೀವಿದರು. “ಮೊದಲ ಮೊಮ್ಮಗ ಹೇಗೂ ಅಜ್ಜ ಅಜ್ಜಿದು. ನಮ್ಮಲ್ಲಿ ಎಷ್ಟು ಮನೇಲಿ ಹಂಗೇ ಬೆಳೆದಿಲ್ಲ? ಇವಳ ಕೈಲಿ ಆ ಹೆಸರು ಬೆಳೆಯೋದು ಬೇಡ.”

ಎಲ್ಲರೂ ಕೈ ಎತ್ತಿ ಮುಖ ಸವರಿಕೊಂಡರು. ಮುಗಿಯಿತು.

ಅತ್ತೆ ತೊಟ್ಟಿಲನ್ನು ತಮ್ಮ ಕೋಣೆಗೆ ಎಳೆದುಕೊಂಡರು. ಹೊಸಿಲಿನಲ್ಲಿ ಅದು ಸಿಕ್ಕಿಕೊಂಡಿತು. “ಎತ್ತು” ಎಂದರು. ನಾನೇ ಒಂದು ಕಡೆ ಎತ್ತಿ ಕೊಟ್ಟೆ.

“ಇವತ್ತಿಂದ ಇವನು ನನ್ನ ಮಗ. ಅಂದ್ರೆ ನಿನ್ನ ಮೈದುನ. ಗುಬ್ಬಿ ಗಿಬ್ಬಿ ಅನ್ನೋದೂ ಬೇಡ. ಮೈದುನನ ಮಾತಾಡಿಸೋ ಹಾಗೆ ಮಾತಾಡಿಸು.”

ಗಂಡನನ್ನು ಕೇಳಿದೆ, ಕೊಟ್ಟಿಗೆಯಲ್ಲಿ. “ಒಂದೇ ಮನೇಲಿ ಇದ್ದಾನಲ್ಲ” ಎಂದರು. “ಇನ್ನೊಂದು ಹುಟ್ಟುತ್ತೆ ಬಿಡು.”

ಫೆಬ್ರುವರಿ 21

ಎದೆಗೆ ಬಟ್ಟೆ ಬಿಗಿದುಕೊಂಡಿದ್ದೇನೆ. ಗೋಡೆಯಾಚೆ ಅಳುತ್ತಾನೆ. ಅಳು ಕೇಳಿದರೆ ಬಟ್ಟೆ ತಾನೇ ಒದ್ದೆಯಾಗುತ್ತದೆ.

ಫೆಬ್ರುವರಿ 22

ಅಳುತ್ತಾನೆ.

ಫೆಬ್ರುವರಿ 26

ಇವತ್ತು ಅಳಲಿಲ್ಲ.

ಮಾರ್ಚ್ 21

ವಸಂತದ ಹೊಸ ವರ್ಷದ ಹಬ್ಬ. ಮೊಳಕೆ ಗೋಧಿಯ ಪಾಯಸ ಇಡೀ ದಿನ ತಿರುವಿದೆ. ಮೈದುನನಿಗೆ ಎರಡು ಹಲ್ಲು ಬಂದಿವೆ. ಮೈದುನ ಗೋಡೆ ಹಿಡಿದು ನಿಲ್ಲುತ್ತಾನೆ. ಸಗಿನ್ ಚಿಕ್ಕಮ್ಮ ಅತ್ತೆಗೆ, “ಈ ವಯಸ್ಸಲ್ಲಿ ಹೆತ್ತೆಯಲ್ಲೇ, ಗಟ್ಟಿಗಿತ್ತಿ!” ಎಂದಳು. ಎಲ್ಲರೂ ನಕ್ಕರು. ಅತ್ತೆಯೂ ನಕ್ಕರು, ನಾಚಿಕೊಂಡು, ನಿಜವಾಗಿ ಹೆತ್ತವರ ಹಾಗೆ.

ಕೆಂಪು ಹಸುವನ್ನು ಮಾರಲಿಲ್ಲ. ನಮ್ಮ ಹಸು ಚೆನ್ನಾಗಿವೆಯಂತೆ. ಆದರೆ ಹಾಲು ಕಾಯಿಸುವ ಕೆಲಸ ನನ್ನದು. ಉಕ್ಕಿ ಬರುವವರೆಗೆ ಕಾಯಿಸುತ್ತೇನೆ. ಇಳಿಸಿ, ಮತ್ತೆ ಉಕ್ಕಿಸುತ್ತೇನೆ. “ಬೆರಣಿ ದಂಡ” ಎನ್ನುತ್ತಾರೆ ಅತ್ತೆ. ಏನಾದರೂ ಎನ್ನಲಿ. ಇದೊಂದು ನನಗೆ ಉಳಿದಿದೆ.

ಇಲ್ಲಿ ಹೆಸರು ಬರೆಯೋಣವೆಂದು ಕುಳಿತೆ. ———

ಏಪ್ರಿಲ್ 8

ರೋಗ ಪೂರ್ತಿ ಹೋಯಿತೇ ಎಂದು ನೋಡಲು ಮತ್ತೆ ರಕ್ತ. ಜಿಪಾರ್ ಅಕ್ಕ ತೆಗೆದಳು. ಈಗ ತೋಳಿನಲ್ಲೇ ನರ ಸಿಕ್ಕಿತು. ಮೈ ತುಂಬಿಕೊಂಡಿದ್ದಾನೆ. ಅತ್ತೆಯ ತೊಡೆಯ ಮೇಲೆ ಕುಳಿತು, ಚುಚ್ಚಿದಾಗ ಅತ್ತೆಯ ಕುತ್ತಿಗೆಗೆ ಮುಖ ಒತ್ತಿ ಅತ್ತ.

ಜಿಪಾರ್ ಅಕ್ಕ ಪೆನ್ನು ತೆಗೆದಳು. ಅತ್ತೆ ತಡೆದು ನನಗೆ ಕೊಡಿಸಿದರು. “ಇವಳೇ ಬರೀಲಿ. ಕಿಟಕೀಲೂ ಇವಳೇ ಹೇಳ್ಲಿ. ಬಾಯಿ, ಕೈ ಎರಡೂ ಹೇಗೂ ಕೆಟ್ಟಿವೆ. ಡ್ರೈವರ್‌ಗೆ ಯಾಕೆ ಸಿಗರೇಟು ದಂಡ.”

ಬರೆದೆ. ಹೆಸರು, ತಂದೆಯ ಹೆಸರು, ಹುಟ್ಟಿದ ದಿನ, ತೆಗೆದ ಹೊತ್ತು. ಚೀಟಿಯ ಜೊತೆ ಒಂದೊಂದೇ ಅಕ್ಷರ ಹಿಡಿದು ನೋಡಿದೆ. ಒಳಜೇಬಿನಲ್ಲಿ ಇಟ್ಟುಕೊಂಡೆ, ನೆಟ್ಟಗೆ. ಅತ್ತೆ ಈ ಸಲ ತಡೆಯಲಿಲ್ಲ. ಮಗುವನ್ನು ಡಾಕ್ಟರ್ ನೋಡಬೇಕೆಂದಿದ್ದರಿಂದ ಅವನೂ ಬಂದ. ಕಣಿವೆಯಲ್ಲಿ ಹಿಮ ಕರಗಿ ದಾರಿಯೆಲ್ಲ ಕೆಸರು. ನನ್ನ ಎದುರಿನ ಸೀಟಿನಲ್ಲಿ ಅವನು. ನನ್ನ ಕೋಟಿನ ಒಳಗೆ ಅವನ ರಕ್ತ, ಬೆಚ್ಚಗೆ.

ಕಿಟಕಿ. ಅದೇ ಬಿಳಿ ಟೊಪ್ಪಿ.

“ಹೆಸರು?”

ಹೇಳಿದೆ. ತಂದೆಯ ಹೆಸರನ್ನೂ ಹೇಳಿದೆ. ಕೇಳಿದ್ದಕ್ಕೆಲ್ಲ ಹೇಳಿದೆ. ಆಕೆ ಟ್ಯೂಬನ್ನು ದೀಪಕ್ಕೆ ಹಿಡಿದಳು. ಮೇಲೆ ತಿಳಿ ನಿಂತಿತ್ತು, ಜೇನಿನ ಬಣ್ಣ.

“ನೋಡ್ದಾ? ಹೀಗೆ ತರ್ಬೇಕು. ಕಲಿತೆ ಕಣಮ್ಮ ನೀನು.” ನಕ್ಕಳು. ಚೀಟಿಯ ಕೆಳಗೆ, ತಂದವರು ಎಂಬಲ್ಲಿ, ಕೇಳದೆಯೇ ‘ತಾಯಿ’ ಎಂದು ಬರೆದಳು.

ಅತ್ತೆ ಹಿಂದಿನಿಂದ ಬಗ್ಗಿದರು. “ತಪ್ಪು ಬರೆದ್ರಿ. ತಾಯಿ ನಾನು. ಇವಳು ಅವನಿಗೆ ಅತ್ತಿಗೆ.”

ಆಕೆ ಪೆನ್ನು ನಿಲ್ಲಿಸಿದಳು. ಅತ್ತೆಯನ್ನು ನೋಡಿದಳು, ಮಗುವನ್ನು ನೋಡಿದಳು, ಕೊನೆಗೆ ನನ್ನನ್ನು. ನೋಡುತ್ತಲೇ ಇದ್ದಳು. ಆಕೆಗೂ ಅರ್ಥವಾಯಿತು, ಆಕೆಯೂ ಸೊಸೆ. ಮೆಲ್ಲಗೆ ಕೇಳಿದಳು, “ಯಾವ್ದು ಸರಿ? ನೀನೇ ಹೇಳ್ಬೇಕು. ಬಾಯಲ್ಲಿ.”

ಹಿಂದೆ ಸಾಲು ಇತ್ತು. ಅತ್ತೆಯ ಹೆಗಲ ಮೇಲಿಂದ ಅವನು ನನ್ನ ತಲೆವಸ್ತ್ರದ ಅಂಚು ಹಿಡಿದು ಎಳೆಯುತ್ತಿದ್ದ.

ತಾಯಿ ಎಂದರೆ ಅವನನ್ನು ದೊಡ್ಡ ಮಾವನ ಮನೆಗೆ ಕಳಿಸುತ್ತಾರೆ. ಹೋದ ವಾರವೇ ಆ ಮಾತು ಬಂದಿತ್ತು. ಗೋಡೆಯಾಚೆಯೂ ಇರುವುದಿಲ್ಲ.

“ಅತ್ತಿಗೆ” ಎಂದೆ.

ಗೆರೆ ಎಳೆದು, ಪಕ್ಕದಲ್ಲಿ ತಿದ್ದಿ ಬರೆದು, ಸಹಿ ಹಾಕಿಸಿಕೊಂಡಳು. ಟ್ಯೂಬನ್ನು ಸ್ಟ್ಯಾಂಡಿಗೆ ಸಿಕ್ಕಿಸಿದಳು. ಬಕೆಟ್ಟಿಗೆ ಹಾಕಲಿಲ್ಲ. “ಎಲ್ಲಾ ಸರಿಯಾಗಿದೆ” ಎಂದಳು. ನನ್ನ ಮುಖ ನೋಡಲಿಲ್ಲ.

ಕಣಿವೆ ಇಳಿಯುವಾಗ ಅತ್ತೆ ನನ್ನ ಮೊಣಕಾಲು ತಟ್ಟಿದರು. “ಒಳ್ಳೇ ಸೊಸೆ ನೀನು.”

ಏಪ್ರಿಲ್ 11, ಬೆಳಿಗ್ಗೆ

ಜಿಪಾರ್ ಅಕ್ಕ ಹೇಳಿ ಕಳಿಸಿದಳು. ರಕ್ತ ಶುದ್ಧವಂತೆ.

ಹಾಲು ಒಲೆಯ ಮೇಲಿದೆ. ಪಕ್ಕದಲ್ಲೇ ಕುಳಿತು ಬರೆಯುತ್ತಿದ್ದೇನೆ. ಗೋಡೆಯಾಚೆ ಎದ್ದಿದ್ದಾನೆ. ಮೊದಲ ಮಾತು ಬಂದಿದೆ ಅವನಿಗೆ, ನಿನ್ನೆಯಿಂದ. ಅಮ್ಮಾ ಎನ್ನುತ್ತಾನೆ. ಎಷ್ಟು ಸ್ಪಷ್ಟ. ಅತ್ತೆ ಓ ಎನ್ನುತ್ತಾರೆ. ಮತ್ತೆ ಅಮ್ಮಾ. ಮತ್ತೆ ಓ. ನಾನು ಬಾಯಿ ಬಿಡುವ ಹಾಗಿಲ್ಲ, ಹಾಲು ನೋಡುತ್ತಿರಬೇಕು, ಅಂಚಿಗೆ ಬಂದಿದೆ, ಮತ್ತೆ ಕರೆದ, ಈ ಸಲ ಅತ್ತೆ ಓಗೊಡಲಿಲ್ಲ, ಕೊಟ್ಟಿಗೆಗೆ ಹೋಗಿರಬೇಕು, ಮತ್ತೆ ಕರೆಯುತ್ತಿದ್ದಾನೆ, ಹಾಲು ಉಕ್ಕು